ಸಿಡಿಲಿನ ಝಟಕಾದಿಂದ ಟ್ರ್ಯಾಕ್ಟರ್, ಗಾಡಿ ಉಳಿಸಿಕೊಳ್ಳುವ ಬಗೆ

ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ ನಮ್ಮ ಗಾಣಗಾಪುರದ ಕಡೆ ಟ್ರ್ಯಾಕ್ಟರಿಗೆ ಪುರುಸೊತ್ತು ಇರುವುದಿಲ್ಲ. ಎರಿ ಹೊಲದಲ್ಲಿ ಮಳೆ ಬಿದ್ದ ಎರಡು-ಮೂರು ದಿನ ಕಾಲಿಡಲು ಬರುವುದಿಲ್ಲ. ಆಮೇಲೆ ನಾಲ್ಕೈದು ದಿನ ಹದ. ಅಷ್ಟರೊಳಗೆ ಬಿತ್ತನೆ ಆಗಬೇಕು. ತಪ್ಪಿತೆಂದರೆ ಹೆಸರು, ಉದ್ದು ಕೈಬಿಟ್ಟಂತೆಯೇ, ತೊಗರಿಯೂ ಹಿಂದೆ ಬೀಳುತ್ತದೆ. ಸಿಡಿಲಿನ ಕಾಟವೂ ಇದೇ ದಿನಗಳಲ್ಲಿ. ಸಿಡಿಲಿಗೆ ಎತ್ತು ಸತ್ತದ್ದು, ಮನುಷ್ಯರು ಹೋದದ್ದು ಪ್ರತಿ ವರ್ಷ ಕೇಳುತ್ತೇವೆ. ಗಾಡಿ ಕೆಟ್ಟು ಹದ ತಪ್ಪಿದ್ದನ್ನು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ. ನಾನು ಬರೆಯುತ್ತಿರುವುದು ಅದರ ಬಗ್ಗೆ.

ಈ ವಿಚಾರ ನನ್ನ ತಲೆಗೆ ಹತ್ತಿಸಿದವರು ಊರ ಹುಡುಗರು. ಮೊಬೈಲಿನಲ್ಲಿ ಏನೋ ನೋಡಿ ಬಂದು, "ಕಾಕಾ, ಮ್ಯಾಲ ಆಕಾಶದಾಗ ಒಂದು ಬಾಂಬ್ ಒಡದ್ರ ಕೆಳಗಿನ ಗಾಡಿ ಎಲ್ಲಾ ಒಮ್ಮೆಲೆ ನಿಂತುಬಿಡ್ತಾವಂತ, ಖರೇನ?" ಅಂತ ಕೇಳಿದರು. ನಾನು ಏಳನೇ ಇಯತ್ತೆ ಓದಿದವ. ಆದರೆ ಮೂವತ್ತು ವರ್ಷದಿಂದ ಟ್ರ್ಯಾಕ್ಟರಿನ ತಂತಿ ಬಿಚ್ಚಿ ಕಟ್ಟಿದ್ದೇನೆ. ತಿಳಿದವರನ್ನು ಕೇಳಿ, ಓದಿ, ನನ್ನ ಬುದ್ಧಿಗೆ ಹಿಡಿದಷ್ಟನ್ನು ಹೇಳುತ್ತೇನೆ.

ಮಾತು ಪೂರ್ತಿ ಸುಳ್ಳಲ್ಲ. 1962ರ ಜುಲೈಯಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿ ನೋಡಿದರು. ಅಲ್ಲಿಂದ 1,400 ಕಿ.ಮೀ. ದೂರದ ಹವಾಯಿ ದ್ವೀಪದಲ್ಲಿ ಸುಮಾರು 300 ಬೀದಿದೀಪ ಆರಿಹೋದವು. ಬಾಂಬಿನ ಬೆಂಕಿ, ಗಾಳಿ ಯಾವುದೂ ಅಲ್ಲಿಗೆ ಮುಟ್ಟಿರಲಿಲ್ಲ. ಮುಟ್ಟಿದ್ದು ಒಂದು ವಿದ್ಯುತ್ಕಾಂತ ಮಿಡಿತ. ಕಣ್ಣಿಗೆ ಕಾಣದ ಝಟಕಾ ಅನ್ನೋಣ. ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತು ಇರುತ್ತದೆ, ಅಷ್ಟರಲ್ಲಿ ಸಿಕ್ಕ ಸಿಕ್ಕ ತಂತಿಯೊಳಗೆ ವೋಲ್ಟೇಜ್ ಎಬ್ಬಿಸಿ ಹೋಗುತ್ತದೆ.

ಹಾಗಂತ ಗಾಡಿ ಎಲ್ಲ ನಿಂತೇಬಿಡುತ್ತವೆಯೇ? ಅಮೆರಿಕದ ಸರಕಾರವೇ ನೇಮಿಸಿದ ಒಂದು ಆಯೋಗ 37 ಕಾರುಗಳಿಗೆ ಕೃತಕವಾಗಿ ಇಂಥ ಝಟಕಾ ಕೊಟ್ಟು ನೋಡಿತು. 2008ರ ಅದರ ವರದಿಯ ಪ್ರಕಾರ ಬಂದ್ ಇದ್ದ ಗಾಡಿಗಳಿಗೆ ಏನೂ ಆಗಲಿಲ್ಲ. ಚಾಲೂ ಇದ್ದವುಗಳಲ್ಲಿ ಮೂರು ನಿಂತವು, ಚಾವಿ ತಿರುವಿದರೆ ಮತ್ತೆ ಎದ್ದವು. ಆದರೆ ಅವು 2002ರವರೆಗಿನ ಕಾರುಗಳು. ಈಗಿನ ಗಾಡಿಗಳಲ್ಲಿ ಇಲೆಕ್ಟ್ರಾನಿಕ್ ಸಾಮಾನು ಅದಕ್ಕಿಂತ ಬಹಳ ಹೆಚ್ಚು.

ಸೂರ್ಯನಿಂದಲೂ ಇಂಥದ್ದೊಂದು ಬರುತ್ತದೆ, ಆದರೆ ಅದರ ನಡತೆ ಬೇರೆ. 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸೂರ್ಯನ ಬಿರುಗಾಳಿಗೆ ಕರೆಂಟು ಹೋಗಿ 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ ಕೂತರು. ಅದು ನೂರಾರು ಕಿ.ಮೀ. ಉದ್ದದ ಲೈನಿಗೆ ಬೀಳುವ ಪೆಟ್ಟು, ಗಾಡಿಯ ನಾಲ್ಕು ಮಾರು ತಂತಿಗಲ್ಲ. 2024ರ ಮೇ ತಿಂಗಳಲ್ಲಿ ಮತ್ತೆ ದೊಡ್ಡ ಬಿರುಗಾಳಿ ಬಂದಾಗ ನಮ್ಮ ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿ ಕಂಡಿತು. ಆಗ ಅಮೆರಿಕದಲ್ಲಿ ಬಿತ್ತನೆ ಕಾಲ. ಉಪಗ್ರಹ ನೋಡಿಕೊಂಡು ಸಾಲು ಹಿಡಿಯುವ ಅಲ್ಲಿನ ಟ್ರ್ಯಾಕ್ಟರುಗಳಿಗೆ ದಿಕ್ಕು ತಪ್ಪಿ, ಎಷ್ಟೋ ರೈತರು ಬಿತ್ತನೆ ನಿಲ್ಲಿಸಿ ಕೂತರು. ಎಂಜಿನ್ ಸರಿ ಇತ್ತು, ದಾರಿ ತೋರಿಸುವವ ಕೈಕೊಟ್ಟಿದ್ದ.

ಬಾಂಬು, ಸೂರ್ಯ ದೂರದ ಮಾತು. ನಮಗೆ ಗೊತ್ತಿರುವ ಝಟಕಾ ಸಿಡಿಲು. ಸಾಮಾನ್ಯ ಸಿಡಿಲಿನಲ್ಲೇ 30 ಸಾವಿರ ಆಂಪಿಯರ್ ಹತ್ತಿರ ಕರೆಂಟು ಹರಿಯುತ್ತದೆ. ನೆಟ್ಟಗೆ ಟ್ರ್ಯಾಕ್ಟರಿನ ಮೇಲೆಯೇ ಬಿದ್ದರೆ ಮಾಡುವುದು ಕಡಿಮೆ, ಆದರೆ ಅದು ಅಪರೂಪ. ಹೆಚ್ಚಿನ ಹಾನಿ ಪಕ್ಕದಲ್ಲಿ ಬಿದ್ದದ್ದರಿಂದ. ಹತ್ತಿರದ ಬೇವಿನ ಗಿಡಕ್ಕೋ ಕಂಬಕ್ಕೋ ಬಿದ್ದರೆ ಸುತ್ತಲಿನ ತಂತಿಗಳಲ್ಲಿ ತಾನಾಗಿ ವೋಲ್ಟೇಜ್ ಏಳುತ್ತದೆ. ತಂತಿ ಉದ್ದ ಇದ್ದಷ್ಟೂ ಹಿಡಿಯುವುದು ಜಾಸ್ತಿ. ಈ ಒಂದು ಮಾತು ತಿಳಿದರೆ ಮುಂದಿನದೆಲ್ಲ ತಾನೇ ತಿಳಿಯುತ್ತದೆ.

ಮೊದಲು ನಿಮ್ಮ ಗಾಡಿ ಯಾವ ಜಾತಿಯದು ನೋಡಿಕೊಳ್ಳಿ. ಹಳೆಯ ಎಚ್‌ಎಂಟಿ, ಮಹಿಂದ್ರಾ ಬಿ-275ರಂಥವುಗಳಲ್ಲಿ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಒಮ್ಮೆ ಎಂಜಿನ್ ಎದ್ದಿತೆಂದರೆ ಬ್ಯಾಟರಿ ತೆಗೆದು ಬಿಸಾಕಿದರೂ ಓಡುತ್ತಲೇ ಇರುತ್ತದೆ. ಬಂದ್ ಮಾಡುವುದು ಎಳೆಯುವ ಗುಂಡಿಯಿಂದ. ಇವುಗಳಲ್ಲಿ ಝಟಕಾ ತಿನ್ನುವುದೆಂದರೆ ಆಲ್ಟರ್ನೇಟರಿನ ಡಯೋಡು, ರೆಗ್ಯುಲೇಟರು. ಅವು ಹೋದರೂ ಹಗಲು ಬಿತ್ತನೆ ನಿಲ್ಲುವುದಿಲ್ಲ. ಚಾವಿಯಿಂದಲೇ ಬಂದ್ ಆಗುವ ಟ್ರ್ಯಾಕ್ಟರ್ ಇದ್ದರೆ ಮೆಕ್ಯಾನಿಕನನ್ನು ಒಂದು ಮಾತು ಕೇಳಿ: ಕರೆಂಟು ಸಿಕ್ಕಾಗ ಡೀಸೆಲ್ ಬಿಡುವ ಸೋಲೆನಾಯ್ಡೋ, ಕರೆಂಟು ಸಿಕ್ಕಾಗ ಡೀಸೆಲ್ ನಿಲ್ಲಿಸುವುದೋ? ಮೊದಲನೆಯದಾದರೆ ತಂತಿ ಸುಟ್ಟರೆ ಟ್ರ್ಯಾಕ್ಟರೂ ನಿಂತಂತೆ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂತು. ಅದಕ್ಕಾಗಿ ಅವುಗಳಲ್ಲಿ ಡೀಸೆಲ್ ಅಳೆದು ಕೊಡುವ ಕೆಲಸವನ್ನು ಕಂಪ್ಯೂಟರ್ ಡಬ್ಬಿಗೆ ಒಪ್ಪಿಸಿದ್ದಾರೆ. ನಮ್ಮ ಕಡೆ ಸೆನ್ಸರ್ ಗಾಡಿ ಅನ್ನುವುದು ಇವಕ್ಕೇ.

ಬೈಕಿನದೂ ಇದೇ ಕಥೆ. ರಾಜದೂತ್, ಯೆಜ್ಡಿ ಕಾಲದಲ್ಲಿ ಪಾಯಿಂಟು, ಕಂಡೆನ್ಸರು, ಕಾಯಿಲು ಅಷ್ಟೇ. ಆಮೇಲೆ ಸಿಡಿಐ ಡಬ್ಬಿ ಬಂತು. 2020ರ ಏಪ್ರಿಲಿನಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕಿಗೆಲ್ಲ ಹೆಚ್ಚಾಗಿ ಫ್ಯುಯೆಲ್ ಇಂಜೆಕ್ಷನ್. ಬ್ಯಾಟರಿ ಪೂರ್ತಿ ಸತ್ತರೆ ಅದರ ಪೆಟ್ರೋಲ್ ಪಂಪೇ ತಿರುಗದು, ದೂಡಿದರೂ ಏಳುವುದು ಕಷ್ಟ. ಹೊಸದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಎಣ್ಣೆ ಕಡಿಮೆ ಕುಡಿಯುತ್ತದೆ. ಆದರೆ ಹೊಸದು ತಂದೆವೆಂದು ಹಳೇ ಟ್ರ್ಯಾಕ್ಟರನ್ನು ಗುಜರಿಯ ದರಕ್ಕೆ ಕೊಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಈಗ ಮಾಡಬೇಕಾದ್ದು. ಎಲ್ಲಕ್ಕಿಂತ ಮುಖ್ಯ, ಮೋಡ ಕವಿದಾಗ ಗಾಡಿಗೂ ಮನೆಯ ಕರೆಂಟಿಗೂ ಸಂಬಂಧ ಇಡಬೇಡಿ. ಟ್ರ್ಯಾಕ್ಟರ್ ತಾನಾಗಿ ಝಟಕಾ ಹಿಡಿಯುವುದು ಕಡಿಮೆ, ಅದರ ತಂತಿ ಗಿಡ್ಡ. ಬ್ಯಾಟರಿಗೆ ಚಾರ್ಜರ್ ಹಚ್ಚಿ ಮನೆಯ ಪ್ಲಗ್ಗಿಗೆ ಕೊಟ್ಟಿರೆಂದರೆ ನಿಮ್ಮ ಟ್ರ್ಯಾಕ್ಟರಿನ ತಂತಿ ಟಿ.ಸಿ.ಯವರೆಗೆ, ಅಲ್ಲಿಂದ ಮುಂದೆ ಮೈಲುಗಟ್ಟಲೆ ಉದ್ದ ಆಯಿತು. ಯಾವ ಊರ ಲೈನಿಗೆ ಸಿಡಿಲು ಬಿದ್ದರೂ ಪಾಲು ನಿಮಗೆ ಬರಬಹುದು. ನಮ್ಮ ನೆರೆಹೊಲದವರ ಆಲ್ಟರ್ನೇಟರ್, ಚಾರ್ಜರ್ ಎರಡೂ ಒಂದೇ ರಾತ್ರಿ ಸುಟ್ಟದ್ದು ಹೀಗೆ. ಮನೆ ಅಂಗಳಕ್ಕೂ ಸಿಡಿಲು ಬಿದ್ದಿರಲಿಲ್ಲ. ಬ್ಯಾಟರಿ ಗಾಡಿ, ಬ್ಯಾಟರಿ ಔಷಧ ಪಂಪು ಇದ್ದವರಿಗೂ ಇದೇ ಮಾತು. ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಇಡಬೇಕು. ಸ್ವಿಚ್ಚಿನೊಳಗಿನ ಕೂದಲೆಳೆಯ ಸಂದನ್ನು ದಾಟುವುದು ಸಿಡಿಲಿಗೆ ಯಾವ ಲೆಕ್ಕ?

ಎರಡನೆಯದು ಜಾಗ. ನೆರಳಿದೆ ಅಂತ ಒಂಟಿ ಬೇವಿನ ಗಿಡದ ಬುಡಕ್ಕೆ, ಟಿ.ಸಿ. ಕಂಬದ ಪಕ್ಕಕ್ಕೆ ನಿಲ್ಲಿಸುವುದು ನಮ್ಮೆಲ್ಲರ ಚಾಳಿ. ಮಳೆಗಾಲದಲ್ಲಿ ಬಿಡಬೇಕು. ಸಂಗಮಕ್ಕೆ ಬರುವ ಯಾತ್ರಿಕರೂ ಲಕ್ಷಗಟ್ಟಲೆಯ ಕಾರನ್ನು ಹುಡುಕಿ ಹುಡುಕಿ ಗಿಡದ ಕೆಳಗೇ ಹಚ್ಚುತ್ತಾರೆ! ತಗಡಿನ ಶೆಡ್ಡು ಇದ್ದರೆ ಚಲೋ, ಆದರೆ ಕಂಬ ಕಬ್ಬಿಣದವಾಗಿ ನೆಲದೊಳಗೆ ಹೂತಿರಬೇಕು. ಕಲ್ಲಿನ ಅಥವಾ ಕಟ್ಟಿಗೆಯ ಕಂಬದ ಮೇಲೆ ತಗಡು ಹೊದಿಸಿದ್ದರೆ ಎರಡು ಮೂಲೆಯಿಂದ ಬೆರಳಗಲದ ಜಿಐ ಪಟ್ಟಿ ಇಳಿಸಿ ಅರ್ತಿಂಗ್ ಕುಣಿಗೆ ಕೊಡಿಸಿ. ಟ್ರ್ಯಾಕ್ಟರಿನ ಹಿಂದೆ ನೆಲಕ್ಕೆ ತಾಗುವ ಸರಪಳಿ ಬಿಟ್ಟರೆ ಸಿಡಿಲು ಬರುವುದಿಲ್ಲ ಎಂಬ ಮಾತು ನಂಬಬೇಡಿ.

ಸೆನ್ಸರ್ ಗಾಡಿ ಇದ್ದವರು, ನಾಲ್ಕು ದಿನ ನಿಲ್ಲಿಸಿಡುವುದಾದರೆ ಬ್ಯಾಟರಿಯ ಟರ್ಮಿನಲ್ ಬಿಚ್ಚಿ. ಮೊದಲು ಮೈನಸ್, ಆಮೇಲೆ ಪ್ಲಸ್. ಕೂಡಿಸುವಾಗ ಮೈನಸ್ ಕೊನೆಗೆ. ಇದರಿಂದ ಪೂರ್ತಿ ರಕ್ಷಣೆ ಸಿಗದು, ಒಳಗಿನ ತಂತಿ ಇದ್ದೇ ಇರುತ್ತದಲ್ಲ. ಆದರೂ ಬಂದ್ ಇದ್ದ ಗಾಡಿ ಚಾಲೂ ಇದ್ದದ್ದಕ್ಕಿಂತ ಗಟ್ಟಿ ಎಂಬುದು ಮೇಲಿನ ಪರೀಕ್ಷೆಯಿಂದಲೇ ಕಂಡದ್ದು.

ಆಕಾಶದ ಝಟಕಾಕ್ಕಿಂತ ನಾವೇ ಕೊಡುವ ಝಟಕಾ ಹೆಚ್ಚು ಗಾಡಿಗಳನ್ನು ಕೆಡಿಸುತ್ತದೆ ಎಂಬುದು ನನ್ನ ಅನುಭವ. ಒಂದು ವೆಲ್ಡಿಂಗ್. ನನ್ನ ಟ್ರ್ಯಾಕ್ಟರಿನ ಹಿಂದಿನ ಹುಕ್ಕು ಬಿರಿದಾಗ ವೆಲ್ಡಿಂಗ್ ಅಂಗಡಿಯವ ಅರ್ತ್ ಕ್ಲಾಂಪ್ ಒಯ್ದು ಮುಂದಿನ ಬಂಪರಿಗೆ ಹಚ್ಚಲು ಹೊರಟ. "ತಮ್ಮಾ, ಹಿಂದ ಕೆಲಸ ಇದ್ರ ಮುಂದ ಯಾಕ ಹಚ್ತಿ?" ಅಂದೆ. ಹಾಗೆ ಮಾಡಿದರೆ ನೂರಾರು ಆಂಪಿಯರ್ ಇಡೀ ಗಾಡಿಯ ಮೈಯಲ್ಲಿ ಹಾದು ಹೋಗುತ್ತದೆ. ಬೇರಿಂಗ್, ಆಲ್ಟರ್ನೇಟರ್ ಎಲ್ಲಕ್ಕೂ ಪೆಟ್ಟು. ಕ್ಲಾಂಪ್ ವೆಲ್ಡಿಂಗ್ ಜಾಗದಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರಿನ ತಂತಿ ಬಿಚ್ಚಿರಬೇಕು. ಸೆನ್ಸರ್ ಗಾಡಿಯಾದರೆ ಕಂಪ್ಯೂಟರ್ ಡಬ್ಬಿಯ ಸಾಕೆಟ್ಟನ್ನೂ ಕಳಚಬೇಕು.

ಇನ್ನೊಂದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು "ಚಾರ್ಜಿಂಗ್ ಅದನೋ ಇಲ್ಲೋ" ಅಂತ ಲೈಟು ನೋಡುವ ಹಳೇ ಪದ್ಧತಿ. ಡೈನಮೋ ಕಾಲದಲ್ಲಿ ನಡೆಯಿತು. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಕೊಡುತ್ತಿರುವಾಗ ಬ್ಯಾಟರಿ ತೆಗೆದರೆ 12 ವೋಲ್ಟಿನ ಲೈನಿನಲ್ಲಿ ಕ್ಷಣ ಹೊತ್ತು ನೂರು ವೋಲ್ಟಿನ ಹತ್ತಿರ ಏರಬಹುದು. ಐದು ವೋಲ್ಟಿನ ಮೇಲೆ ಬದುಕುವ ಡಬ್ಬಿ ಅದನ್ನು ಹೇಗೆ ತಾಳೀತು? ಸಣ್ಣ ಮೀಟರ್ ಇಟ್ಟುಕೊಳ್ಳಿ. ಎಂಜಿನ್ ಬಂದ್ ಇದ್ದಾಗ ಬ್ಯಾಟರಿಯಲ್ಲಿ 12.6, ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಿದರೆ ಎಲ್ಲ ಸರಿ.

ಬಿಡಿ ಸಾಮಾನಿನ ಮಾತು. ಹಳೇ ಬೈಕಿನ ಸಿಡಿಐ, ರೆಗ್ಯುಲೇಟರ್ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಒಂದೊಂದು ತಂದಿಡಿ. ಅವನ್ನು ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಬೇಕು. ಸುತ್ತಲೂ ಲೋಹ ಇದ್ದರೆ ಒಳಗೆ ಝಟಕಾ ಇಳಿಯುವುದಿಲ್ಲವೆಂದು ಮೈಕೆಲ್ ಫ್ಯಾರಡೆ ಎಂಬವರು 1836ರಲ್ಲೇ ಮಾಡಿ ತೋರಿಸಿದ್ದಾರೆ. ಡಬ್ಬಿ ಹೇಗಿದೆ ನೋಡಲು ಒಳಗೆ ಮೊಬೈಲ್ ಇಟ್ಟು ಮುಚ್ಚಿ ಫೋನ್ ಹಚ್ಚಿ. ನಮ್ಮ ಮನೆಯ ದೊಡ್ಡ ಟ್ರಂಕಿನಲ್ಲಿ ಅದು ಆರಾಮ ರಿಂಗ್ ಆಯಿತು, ಅದರ ಮುಚ್ಚಳದ ಸಂದಿ ಅಷ್ಟು ಅಗಲ. ತುಪ್ಪದ ಡಬ್ಬಿಯಲ್ಲಿ ಆಗಲಿಲ್ಲ. ಮೊಬೈಲಿನ ಅಲೆ ಬೇರೆ, ಸಿಡಿಲಿನದು ಬೇರೆ, ಹೀಗಾಗಿ ಇದು ಅಂದಾಜಿನ ಪರೀಕ್ಷೆ ಅಷ್ಟೆ. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಡಬ್ಬಿ ತಂದಿಡಲು ಹೋಗಬೇಡಿ, ಬೆಲೆ ಬಹಳ, ಬೇರೆ ಗಾಡಿಯದನ್ನು ಹಾಕಿದರೆ ಎಷ್ಟೋ ಸಲ ಓಡುವುದೂ ಇಲ್ಲ.

ಹದದ ದಿನಗಳಲ್ಲಿ ಟ್ರ್ಯಾಕ್ಟರನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಸ್ಟಾರ್ಟರ್ ಹೋದರೂ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಏಳುತ್ತದೆ. ಎರಡು ಕ್ಯಾನು ಡೀಸೆಲ್ ಮನೆಯಲ್ಲಿರಲಿ. ದೊಡ್ಡದೇನಾದರೂ ಆಗಿ ಕರೆಂಟು ಹೋದರೆ ಬಂಕಿನ ಪಂಪೂ ಕರೆಂಟಿನದೇ. ಎತ್ತು ಇದ್ದವರು ಕೂರಿಗೆಯನ್ನು ಒಲೆಗೆ ಹಾಕಬೇಡಿ.

ಗಾಡಿ ಹೋದರೆ ತರಬಹುದು, ಹೀಗಾಗಿ ಮನುಷ್ಯರದ್ದೂ ಹೇಳಲೇಬೇಕು. ಟ್ರ್ಯಾಕ್ಟರಿನ ರಬ್ಬರ್ ಗಾಲಿ ಸಿಡಿಲು ತಡೆಯುತ್ತದೆ ಅಂತ ಸೀಟಿನ ಮೇಲೆ ಕೂತಿರುವವರನ್ನು ಕಂಡಿದ್ದೇನೆ. ಮೈಲುಗಟ್ಟಲೆ ಗಾಳಿ ಸೀಳಿ ಬಂದದ್ದಕ್ಕೆ ಒಂದು ಗೇಣು ರಬ್ಬರ್ ಅಡ್ಡವೇ? ತಗಡಿನ ಮಾಡಿನ ಕಾರು, ಜೀಪಿನೊಳಗೆ ಗಾಜು ಏರಿಸಿ ಕೂತರೆ ಕಾಯುವುದು ಸುತ್ತಲಿನ ಲೋಹ, ಗಾಲಿ ಅಲ್ಲ. ತೆರೆದ ಟ್ರ್ಯಾಕ್ಟರಿಗೆ, ಬಟ್ಟೆಯ ಮಾಡಿಗೆ, ಬೈಕಿಗೆ ಆ ಗುಣ ಇಲ್ಲ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತರೊಳಗೆ ಗುಡುಗು ಬಂದರೆ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಪಕ್ಕಾ ಮನೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಹೊರಬೀಳಬೇಡಿ. ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರ 'ಸಿಡಿಲು' ಎಂಬ ಮೊಬೈಲ್ ಆ್ಯಪ್‌ಗಳಿವೆ, ಹುಡುಗರ ಕೈಲಿ ಹಾಕಿಸಿಕೊಳ್ಳಿ.

ಹತ್ತಿರದಲ್ಲಿ ಸಿಡಿಲು ಬಿದ್ದ ಮೇಲೆ ನೇರ ಚಾವಿ ತಿರುವಬೇಡಿ. ಬಾನೆಟ್ ಎತ್ತಿ ಸುಟ್ಟ ವಾಸನೆ ಇದೆಯೇ ನೋಡಿ, ಫ್ಯೂಸ್ ಒಂದೊಂದಾಗಿ ತೆಗೆದು ನೋಡಿ, ಗಾಲಿಯ ಗಾಳಿ ನೋಡಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ. ಎಲ್ಲ ಸರಿ ಇದ್ದರೆ ಎಬ್ಬಿಸಿ ಮೀಟರ್ ಹಿಡಿಯಿರಿ. 13ರ ಕೆಳಗೇ ನಿಂತಿದ್ದರೆ ಆಲ್ಟರ್ನೇಟರ್ ಹೋಗಿರಬಹುದು. ಹಳೇ ಡೀಸೆಲ್ ಟ್ರ್ಯಾಕ್ಟರಾದರೆ ಲೈಟು ಹಚ್ಚದೆ ಹಗಲಿನ ಬಿತ್ತನೆ ಮುಗಿಸಿಕೊಂಡು, ಆಮೇಲೆ ಅಫಜಲಪುರಕ್ಕೆ ರಿಪೇರಿಗೆ ಒಯ್ದರಾಯಿತು.