ಚಾಡಿಯೂ ಎಚ್ಚರಿಕೆಯೂ

ಜೊತೆಯಲ್ಲಿ ಕೆಲಸಮಾಡುವವನೊಬ್ಬನು ಅಪಾಯಕರವಾದ ತಪ್ಪನ್ನು ಮಾಡುತ್ತಿರುವುದು ನಮ್ಮ ಕಣ್ಣಿಗೆ ಬಿದ್ದರೆ ಅದನ್ನು ಮೇಲಧಿಕಾರಿಗೆ ತಿಳಿಸಬೇಕೆ, ಬೇಡವೆ? ಪ್ರಶ್ನೆಯು ಸಣ್ಣದಾಗಿ ತೋರುತ್ತದೆ. ಆದರೆ ಕಾರ್ಖಾನೆ, ಕಚೇರಿ, ಆಸ್ಪತ್ರೆ, ಬಸ್ಸಿನ ಡಿಪೋ, ಹೀಗೆ ಹತ್ತು ಜನರು ಕೂಡಿ ದುಡಿಯುವ ಯಾವ ಸ್ಥಳದಲ್ಲಾದರೂ ಒಂದಲ್ಲ ಒಂದು ದಿನ ಇದು ಎದ್ದು ನಿಲ್ಲದೆ ಇರದು. ನಿಜವನ್ನು ಮುಚ್ಚಿಡಬೇಡವೆಂದು ನಮಗೆ ಬಾಲ್ಯದಲ್ಲಿ ಹೇಳಿಕೊಟ್ಟಿದ್ದಾರೆ. ಚಾಡಿ ಹೇಳಬೇಡವೆಂದೂ ಹೇಳಿಕೊಟ್ಟಿದ್ದಾರೆ. ಎರಡೂ ಒಳ್ಳೆಯ ಮಾತೇ. ಇವೆರಡರ ನಡುವೆ ಸಿಕ್ಕಿಕೊಂಡಾಗ ನಡೆಯತಕ್ಕ ದಾರಿ ಯಾವುದೆಂಬುದೇ ಇಂದಿನ ವಿಚಾರ.

ಇದನ್ನು ಬರಿಯ ತರ್ಕವಾಗಿ ಬಿಡದೆ ನಮಗೆ ಪರಿಚಿತವಾದ ಸ್ಥಳವೊಂದಕ್ಕೆ ತಂದು ನೋಡೋಣ. ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ಭದ್ರಾನದಿಯ ದಡದಲ್ಲಿ, ಹಿಂದೆ ಬೆಂಕೀಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಿದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಹುಟ್ಟಿ 1923ರಲ್ಲಿ ಕೆಲಸವನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಲು, ಇವೆರಡರಿಂದ ಆ ಕುಲುಮೆಯು ಉರಿಯಿತು. 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಕಾಗದ ಇವುಗಳ ತಯಾರಿಕೆಯೂ ಆ ಊರಿಗೆ ಬಂದಿತು. ಹೀಗೆ ಕಾರ್ಖಾನೆಯ ಸುತ್ತಲೂ ಒಂದು ಪಟ್ಟಣವೇ ಬೆಳೆಯಿತು. ಅಂತಹ ಪಟ್ಟಣದಲ್ಲಿ ಜೊತೆಯ ಕೆಲಸಗಾರನೆಂದರೆ ಗಂಟೆ ಹೊಡೆದ ಮೇಲೆ ಮರೆಯಬಹುದಾದ ಮನುಷ್ಯನಲ್ಲ. ಅವನೇ ನೆರೆಮನೆಯವನು, ಅವನ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಶಾಲೆಗೆ ಹೋಗತಕ್ಕವರು, ಗಣಪತಿಯ ಉತ್ಸವಕ್ಕೂ ಮದುವೆಯ ಚಪ್ಪರಕ್ಕೂ ಒಬ್ಬರಿಗೊಬ್ಬರು ಬೇಕಾದವರು. ಅವನ ಮೇಲೆ ಹೇಳುವ ಒಂದು ಮಾತು ಬೀದಿಯಲ್ಲೆಲ್ಲ ಓಡಾಡಿ ಕೊನೆಗೆ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ.

ಇನ್ನು ಕಬ್ಬಿಣದ ಕೆಲಸದ ಅಪಾಯಗಳೆಂತಹವೆಂಬುದನ್ನು ನೋಡಬೇಕು. ಊದುಕುಲುಮೆಯಿಂದ ಹೊರಡುವ ಅನಿಲದಲ್ಲಿ ಸರಿಸುಮಾರು ನಾಲ್ಕರಲ್ಲೊಂದು ಪಾಲು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರತಕ್ಕ ವಸ್ತುವನ್ನು ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಕಾಲು ಏಳದ ಸ್ಥಿತಿ. ತನಗೆ ಏನಾಗುತ್ತಿದೆಯೆಂದು ಅರಿಯುವ ಮೊದಲೇ ಮನುಷ್ಯನು ಬೀಳುತ್ತಾನೆ. ನೀರಿನ ಅಪಾಯವೂ ಕಡಮೆಯದಲ್ಲ. ಕರಗಿದ ಕಬ್ಬಿಣದ ಕೆಳಗೆ ಸ್ವಲ್ಪ ತೇವವು ಸಿಕ್ಕಿಕೊಂಡರೂ ಅದು ಕ್ಷಣಮಾತ್ರದಲ್ಲಿ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗಿ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಇಂತಹ ಸ್ಥಳದಲ್ಲಿ ಒಬ್ಬನ ಅಲಕ್ಷ್ಯವು ಅವನೊಬ್ಬನ ತಲೆಗೇ ಬರುವುದೆಂದು ಹೇಳುವಂತಿಲ್ಲ.

ಈಗ ಕಲ್ಪಿತವಾದ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಕುಲುಮೆಯ ಬಳಿ ರಾತ್ರಿಯ ಪಾಳಿ. ಅನಿಲವು ಸೋರಿದರೆ ಕೂಗಿಕೊಳ್ಳುವ ಯಂತ್ರವೊಂದಿದೆ. ಅದು ಮೇಲಿಂದ ಮೇಲೆ ಕೂಗಿ ತೊಂದರೆ ಕೊಡುತ್ತದೆಂದು ಅಲ್ಲಿಯ ಹಿರಿಯ ಕೆಲಸಗಾರನು ಅದರ ತಂತಿಯನ್ನು ಕಿತ್ತಿಟ್ಟಿದ್ದಾನೆ. ಕೆಲವು ರಾತ್ರಿ ಅವನ ಬಾಯಲ್ಲಿ ಮದ್ಯದ ವಾಸನೆಯೂ ಇರುತ್ತದೆ. ಕಿರಿಯನೊಬ್ಬನು ಇದನ್ನು ಕಂಡಿದ್ದಾನೆ. ಇವನಿಗೆ ಕೆಲಸವನ್ನು ಕಲಿಸಿದವನು ಆ ಹಿರಿಯನೇ. ಅವನ ಮಗಳ ಮದುವೆಯು ಎರಡು ತಿಂಗಳಲ್ಲಿದೆ. "ಅಣ್ಣ, ಇದು ಬೇಡಿ" ಎಂದು ಕಿರಿಯನು ಒಮ್ಮೆ ಹೇಳಿದ. "ಇಪ್ಪತ್ತು ವರುಷದಿಂದ ಇಲ್ಲಿದ್ದೇನೆ ಕಣಯ್ಯಾ, ಏನೂ ಆಗಿಲ್ಲ" ಎಂದು ಹಿರಿಯನು ನಕ್ಕುಬಿಟ್ಟ. ಕಿರಿಯನು ಈಗ ಏನು ಮಾಡಬೇಕು? ಹೇಳಿದರೆ ಒಂದು ಸಂಸಾರದ ಅನ್ನವು ಹೋಗಬಹುದು. ಹೇಳದಿದ್ದರೆ ಆ ಪಾಳಿಯವರೆಲ್ಲರ ಪ್ರಾಣವು ಹೋಗಬಹುದು.

ಮೊದಲು "ಏನೂ ಆಗಿಲ್ಲ" ಎಂಬ ವಾದವನ್ನೇ ಪರೀಕ್ಷಿಸೋಣ. ನಿನ್ನೆಯವರೆಗೆ ಏನೂ ಆಗಲಿಲ್ಲವೆಂಬುದು ಅದೃಷ್ಟಕ್ಕೆ ಸಾಕ್ಷಿಯೇ ಹೊರತು ಕ್ಷೇಮಕ್ಕೆ ಸಾಕ್ಷಿಯಲ್ಲ. ಭೋಪಾಲದಲ್ಲಿ 1984ನೆಯ ಡಿಸೆಂಬರ್ 2ರ ರಾತ್ರಿ ವಿಷಾನಿಲವು ಹೊರಬಿದ್ದು ಸಾವಿರಾರು ಜನರು ಸತ್ತರು. ಆ ಹೊತ್ತಿಗೆ ವಿಷದ್ರವ್ಯವನ್ನು ತಂಪಾಗಿಡತಕ್ಕ ಯಂತ್ರವನ್ನು ನಿಲ್ಲಿಸಲಾಗಿತ್ತು; ಸೋರಿದ ಅನಿಲವನ್ನು ಸುಡತಕ್ಕ ಗೋಪುರವು ಕೊಳವೆ ಬಿಚ್ಚಿದ ಸ್ಥಿತಿಯಲ್ಲಿತ್ತು. ಅದೇ ಕಾರ್ಖಾನೆಯಲ್ಲಿ 1981ರಲ್ಲಿಯೇ ಒಬ್ಬ ಕೆಲಸಗಾರನು ವಿಷಾನಿಲದಿಂದ ಸತ್ತಿದ್ದನು. 1982ರಲ್ಲಿ ರಾಜಕುಮಾರ ಕೇಸ್ವಾನಿ ಎಂಬ ಪತ್ರಕರ್ತರು ಎಚ್ಚರಿಸಿ ಬರೆದಿದ್ದರು. ಅದಾದ ಮೇಲೂ ಕಾರ್ಖಾನೆಯು ಎರಡು ವರುಷ ನಡೆಯಿತು. ದೊಡ್ಡದೇನೂ ಆಗಲಿಲ್ಲವೆಂದು ನಂಬಲು ಅಷ್ಟು ಕಾಲವು ಸಾಕಾಯಿತು.

ಅಷ್ಟು ದೂರವೂ ಹೋಗಬೇಕಾಗಿಲ್ಲ. 2021ನೆಯ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕಲ್ಲುಗಣಿಯ ಪ್ರದೇಶದಲ್ಲಿ ವಾಹನದಲ್ಲಿದ್ದ ಸ್ಫೋಟಕಗಳು ಸಿಡಿದು ಕನಿಷ್ಠ ಐವರು ಸತ್ತರು. ಪಟ್ಟಣದ ಜನರು ಭೂಕಂಪವೆಂದು ಹೆದರಿ ಮನೆಯಿಂದ ಹೊರಗೆ ಓಡಿಬಂದರು. ತಿಂಗಳು ಕಳೆದು ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಅಂತಹುದೇ ಸ್ಫೋಟದಿಂದ ಆರು ಮಂದಿ ಸತ್ತರು. ಸಿಡಿಮದ್ದಿನ ಸಾಗಾಟವು ಒಬ್ಬನ ಕೈಯ ಕೆಲಸವಲ್ಲ. ತುಂಬುವವನೊಬ್ಬ, ಸಾಗಿಸುವವನೊಬ್ಬ, ಇಳಿಸುವವನೊಬ್ಬ, ಲೆಕ್ಕ ಬರೆಯುವವನೊಬ್ಬ. ಇಂತಹ ಕೆಲಸದಲ್ಲಿ ನಿಯಮವು ತಪ್ಪಿದಾಗ ಅದು ಎದ್ದು ಕಾಣುವುದು ಮೊದಲು ಜೊತೆಯವರಿಗೇ. ಅಧಿಕಾರಿಗಳಿಗೆ ತಿಳಿಯುವುದು ಆಮೇಲೆ.

ಹಾಗೆಂದ ಮಾತ್ರಕ್ಕೆ ಕಂಡ ಕಂಡ ತಪ್ಪನ್ನೆಲ್ಲ ಮೇಲಕ್ಕೆ ಒಯ್ಯಬೇಕೆಂದು ಅರ್ಥವಲ್ಲ. ಹೇಳುವ ಮೊದಲು ಮೂರು ಪ್ರಶ್ನೆಗಳನ್ನು ನಾವೇ ಹಾಕಿಕೊಳ್ಳಬೇಕು.

ಮೊದಲನೆಯದು, ಈ ತಪ್ಪಿನಿಂದ ಕೆಡುಕಾಗುವುದು ಯಾರಿಗೆ? ಹತ್ತು ನಿಮಿಷ ತಡವಾಗಿ ಬರುವವನು, ಮೇಜಿನ ಮುಂದೆ ತೂಕಡಿಸುವ ಗುಮಾಸ್ತ, ಇಂತಹವರ ವಿಷಯವನ್ನು ನೋಡಿಕೊಳ್ಳಲು ಮೇಲಿನವರಿಗೆ ಕಣ್ಣುಗಳುಂಟು. ತಪ್ಪಿನ ಫಲವು ಏನೂ ಅರಿಯದ ಮೂರನೆಯವನ ಪ್ರಾಣಕ್ಕೆ ಮುಟ್ಟುವುದಾದರೆ ಮಾತು ಬೇರೆ. ಔಷಧಿಯ ಅಳತೆಯನ್ನು ನೋಡದೆ ಕೊಡುವವನು, ಬ್ರೇಕು ಸರಿಯಿಲ್ಲವೆಂದು ತಿಳಿದೂ ಬಸ್ಸನ್ನು ರಸ್ತೆಗೆ ಬಿಡುವವನು, ಎಚ್ಚರಿಕೆಯ ಯಂತ್ರದ ತಂತಿಯನ್ನು ಕಿತ್ತವನು, ಇವರು ಮಾಡುತ್ತಿರುವುದು ಸ್ವಂತ ವಿಷಯವಲ್ಲ. ಇಲ್ಲಿ ನಾವು ದಾಕ್ಷಿಣ್ಯವನ್ನು ತೋರುವುದು ಪರರ ಪ್ರಾಣದ ಖರ್ಚಿನಲ್ಲಿ.

ಎರಡನೆಯದು, ನಮಗೆ ತಿಳಿದಿರುವುದು ಎಷ್ಟು? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯು ಇಲ್ಲಿ ಬಹಳ ಬೆಲೆಯುಳ್ಳದ್ದು. ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ. ತಂತಿಯು ಕಿತ್ತಿರುವುದನ್ನು ಕಿರಿಯನು ಕಣ್ಣಾರೆ ಕಂಡಿದ್ದಾನೆ, ಅದು ಸಂಗತಿ. ಬಾಯಲ್ಲಿ ವಾಸನೆಯಿತ್ತೆಂಬುದೂ ಸಂಗತಿಯೇ. "ಅವನು ದಿನವೂ ಕುಡಿಯುತ್ತಾನೆ, ಯಾವ ಜವಾಬ್ದಾರಿಯೂ ಇಲ್ಲದವನು" ಎಂಬುದು ತೀರ್ಪು. ಸಂಗತಿಯನ್ನು ತಿಳಿಸುವುದು ನಮ್ಮ ಕೆಲಸ. ತೀರ್ಪು ಕೊಡುವುದು ನಮ್ಮದಲ್ಲ.

ಮೂರನೆಯದು, ಕಾಲವೆಷ್ಟಿದೆ? ಕಾಲವಿದ್ದರೆ ಮೊದಲು ಆ ಮನುಷ್ಯನೊಡನೆಯೇ ಏಕಾಂತದಲ್ಲಿ ಮಾತನಾಡುವುದು ಧರ್ಮ. ಎಷ್ಟೋ ತಪ್ಪುಗಳು ಅಲ್ಲಿಯೇ ನಿಂತುಹೋಗುತ್ತವೆ. ಆದರೆ ಅಪಾಯವು ಈ ರಾತ್ರಿಯದೇ ಆಗಿದ್ದರೆ, ಅಥವಾ ಒಮ್ಮೆ ಹೇಳಿಯೂ ಕೇಳದೆ ಹೋಗಿದ್ದರೆ, ನಾಳೆ ನೋಡೋಣವೆಂಬ ಮಾತಿಗೆ ಅವಕಾಶವಿಲ್ಲ.

ಇವುಗಳಿಂದ ಚಾಡಿಗೂ ಎಚ್ಚರಿಕೆಗೂ ಇರುವ ಭೇದವು ಸ್ಪಷ್ಟವಾಗುತ್ತದೆ. ಚಾಡಿಯು ಮನುಷ್ಯನನ್ನು ಗುರಿಯಾಗಿ ಹಿಡಿಯುತ್ತದೆ; ಎಚ್ಚರಿಕೆಯು ಅಪಾಯವನ್ನು. ಚಾಡಿಕೋರನು ಬೆನ್ನಿನ ಹಿಂದೆ ಹೇಳಿ, ಮುಂದೆ ಸಿಕ್ಕಾಗ ನಗುತ್ತಾನೆ, ತನಗೇನು ಲಾಭವೆಂದು ಎಣಿಸುತ್ತಾನೆ. ಎಚ್ಚರಿಸತಕ್ಕವನಿಗೆ ಅದರಿಂದ ಸಾಮಾನ್ಯವಾಗಿ ನಷ್ಟವೇ. ಆದುದರಿಂದ ನಮ್ಮ ಮನಸ್ಸನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವುಂಟು: ಇದೇ ತಪ್ಪನ್ನು ನಮಗೆ ಅತ್ಯಂತ ಪ್ರಿಯನಾದವನು ಮಾಡಿದ್ದರೆ ಹೇಳುತ್ತಿದ್ದೆವೆ? ನಮಗಾಗದವನು ಮಾಡಿದ್ದರೆ ಇಷ್ಟು ಹಿಂದೆಮುಂದೆ ನೋಡುತ್ತಿದ್ದೆವೆ? ಎರಡಕ್ಕೂ ಒಂದೇ ಉತ್ತರವು ಬಂದರೆ ನಮ್ಮ ತೀರ್ಮಾನವು ನೆಟ್ಟಗಿದೆಯೆಂದು ತಿಳಿಯಬಹುದು.

ಹಾಗಾದರೆ ಆ ಕಿರಿಯನು ಮಾಡತಕ್ಕದ್ದೇನು? ಒಮ್ಮೆ ಹೇಳಿದ್ದಾಗಿದೆ, ಫಲವಾಗಲಿಲ್ಲ. ಅಪಾಯವು ಈ ಗಳಿಗೆಯದು. ಆದುದರಿಂದ ಅದೇ ಪಾಳಿಯಲ್ಲಿ ಅವನು ಹಿರಿಯನ ಮುಂದೆ ನಿಂತು, "ಅಣ್ಣ, ತಂತಿ ಕಿತ್ತಿದೆಯೆಂದು ನೀವೇ ಹೋಗಿ ಹೇಳಿ, ಇಲ್ಲದಿದ್ದರೆ ನಾನು ಹೇಳಬೇಕಾಗುತ್ತದೆ" ಎನ್ನಬೇಕು. ಹಿರಿಯನು ತಾನೇ ಹೋದರೆ ಅವನ ಮಾನವು ಉಳಿಯುತ್ತದೆ. ಹೋಗದಿದ್ದರೆ ಕಿರಿಯನು ತಡಮಾಡದೆ ಪಾಳಿಯ ಮೇಲ್ವಿಚಾರಕನಿಗೆ ತಿಳಿಸಬೇಕು: ಯಂತ್ರವು ಕೆಲಸಮಾಡುತ್ತಿಲ್ಲ, ಕೂಡಲೆ ಸರಿಪಡಿಸಬೇಕು. ಹಿರಿಯನು ಆ ರಾತ್ರಿ ಕುಡಿದಿದ್ದರೆ ಅದನ್ನೂ ಮರೆಮಾಚದೆ, ಈ ಹೊತ್ತು ಅವನನ್ನು ಕುಲುಮೆಯ ಬಳಿ ಬಿಡಬಾರದೆಂದು ಹೇಳಬೇಕು. ದಿನ, ಗಂಟೆ, ಕಂಡ ಸಂಗತಿ ಇಷ್ಟನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಶಿಕ್ಷೆಯನ್ನು ಕೇಳತಕ್ಕದ್ದಿಲ್ಲ, ಪರಿಹಾರವನ್ನು ಕೇಳಿದರೆ ಸಾಕು. ಇದರಿಂದ ಸ್ನೇಹವು ಮುರಿಯಲೂಬಹುದು. ಮಗಳ ಮದುವೆಯ ಕರೆಯೋಲೆಯು ಬಾರದೆ ಹೋಗಬಹುದು. ಆ ನಷ್ಟವು ಸುಳ್ಳೆಂದು ನಾವು ಹೇಳಲಾರೆವು. ಆದರೆ ಆ ಮದುವೆಯ ದಿನ ತಂದೆಯು ಜೀವಂತವಾಗಿ ಚಪ್ಪರದ ಕೆಳಗೆ ನಿಂತಿರುವನಲ್ಲವೆ? ಎಚ್ಚರಿಕೆಯಿಂದ ಮೊದಲು ಉಳಿಯುವ ಪ್ರಾಣವು ಅನೇಕ ವೇಳೆ ತಪ್ಪು ಮಾಡಿದವನದೇ.

ಮೇಲ್ವಿಚಾರಕನೇ ಕಿವಿಗೊಡದಿದ್ದರೆ? ಭೋಪಾಲದ ದುರಂತದ ನಂತರ, 1987ರಲ್ಲಿ, ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಗೆ ಹೊಸ ವಿಧಿಗಳನ್ನು ಸೇರಿಸಿದರು. ಅಪಾಯಕರವಾದ ಕೆಲಸಗಳಲ್ಲಿ ಪ್ರಾಣಕ್ಕೆ ಸಂಚಕಾರವು ಸಮೀಪಿಸಿದೆಯೆಂದು ಕೆಲಸಗಾರರಿಗೆ ಸಕಾರಣವಾಗಿ ತೋರಿದರೆ ಅದನ್ನು ನೇರವಾಗಿಯಾಗಲಿ, ಸುರಕ್ಷತಾ ಸಮಿತಿಯ ಪ್ರತಿನಿಧಿಗಳ ಮೂಲಕವಾಗಲಿ ಆಡಳಿತದವರ ಗಮನಕ್ಕೆ ತರುವ ಹಕ್ಕನ್ನೂ, ಅದೇ ಕಾಲದಲ್ಲಿ ಸರ್ಕಾರದ ಇನ್‌ಸ್ಪೆಕ್ಟರಿಗೆ ತಿಳಿಸುವ ಹಕ್ಕನ್ನೂ ಅವು ಕೊಟ್ಟವು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಈ ಹಕ್ಕನ್ನು ಇಟ್ಟುಕೊಂಡುದಲ್ಲದೆ, ಕ್ಷೇಮವಲ್ಲದ ಸ್ಥಿತಿಯು ಕಂಡರೆ ಆದಷ್ಟು ಬೇಗ ತಿಳಿಸುವುದು ಕೆಲಸಗಾರನ ಕರ್ತವ್ಯವೆಂದೂ ಹೇಳಿತು. ಆದುದರಿಂದ ಹೇಳುವವನು ಹದ್ದು ಮೀರಿದವನಲ್ಲ.

ಕೊನೆಗೆ ಮೇಲಧಿಕಾರಿಗಳಿಗೂ ಒಂದು ಮಾತು ಸಲ್ಲಬೇಕು. 2002ರಲ್ಲಿ ಹೆದ್ದಾರಿಯ ಕಾಮಗಾರಿಯ ಅಕ್ರಮಗಳನ್ನು ಕುರಿತು ಎಂಜಿನಿಯರ್ ಸತ್ಯೇಂದ್ರ ದುಬೆ ಎಂಬವರು ಪ್ರಧಾನಮಂತ್ರಿಗಳ ಕಚೇರಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರು. ಪತ್ರವು ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಸಾಗಿತು. ಮರುವರುಷ ನವೆಂಬರಿನಲ್ಲಿ ಗಯೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಕೊಲೆಯು ದರೋಡೆಗಾಗಿ ನಡೆಯಿತೆಂದು ತನಿಖೆಯು ಹೇಳಿತು. ಅದೇನೇ ಇರಲಿ, ನಂಬಿ ಹೇಳಿದವನ ಹೆಸರನ್ನು ಕಾಪಾಡದಿದ್ದುದು ಕಚೇರಿಯ ಲೋಪವೇ. ಇದಕ್ಕೆ ಬೇರೆಯಾದ ರೀತಿಯೂ ಉಂಟು. ಅಮೆರಿಕದಲ್ಲಿ 1976ರಿಂದ ವಿಮಾನ ನಡೆಸುವವರು ಉದ್ದೇಶಪೂರ್ವಕವಲ್ಲದ ತಮ್ಮ ತಪ್ಪುಗಳನ್ನು ತಾವಾಗಿಯೇ ಬರೆದು ತಿಳಿಸುವ ಏರ್ಪಾಡಿದೆ. ತಿಳಿಸಿದವರ ಹೆಸರನ್ನು ಗುಟ್ಟಾಗಿಡುತ್ತಾರೆ. ದಂಡನೆಯಲ್ಲಿ ರಿಯಾಯಿತಿಯನ್ನು ಕೊಡುತ್ತಾರೆ. ದೂರು ಬಂದ ದಿನವೇ ಒಬ್ಬನನ್ನು ಕೆಲಸದಿಂದ ತೆಗೆದುಹಾಕುವ ಅಧಿಕಾರಿಯು ತಾನು ಕಟ್ಟುನಿಟ್ಟಿನವನೆಂದು ಹೆಮ್ಮೆಪಡಬಹುದು. ಆದರೆ ಮುಂದಿನ ಸಲ ತಂತಿ ಕಿತ್ತಾಗ ಅವನಿಗೆ ಯಾರೂ ಹೇಳುವುದಿಲ್ಲ. ಮೊದಲು ಯಂತ್ರವನ್ನು ಸರಿಪಡಿಸಿ, ಅದೇಕೆ ಮೇಲಿಂದ ಮೇಲೆ ಸುಮ್ಮನೆ ಕೂಗುತ್ತಿತ್ತೆಂದು ವಿಚಾರಿಸಿ, ಆಮೇಲೆ ಮನುಷ್ಯನ ತಪ್ಪನ್ನು ತೂಗಿ ನೋಡುವ ಅಧಿಕಾರಿಯಿದ್ದಲ್ಲಿ ಕಿರಿಯನ ಸಂಕಟವು ಅರ್ಧದಷ್ಟು ಕಡಮೆಯಾಗುತ್ತದೆ. ಕೆಳಗಿನವರು ಹೇಳಲು ಧೈರ್ಯಮಾಡಬೇಕಾದರೆ, ಮೇಲಿನವರು ಕೇಳಲು ಯೋಗ್ಯರಾಗಿರಬೇಕು.