ವಿಶ್ವವಿದ್ಯಾನಿಲಯದ ಗಾಲ್ಫ್: ನಮ್ಮ ಮಕ್ಕಳಿಗೂ ಉಂಟೆ?

ಕಳೆದ ವಾರ ಸಂಜೆಯ ಚಹದ ಗಡಿಬಿಡಿ ಮುಗಿದ ಹೊತ್ತಿಗೆ ನಮ್ಮ ಹಳೆಯ ಮಿತ್ರರೊಬ್ಬರು ಕಾರ್ಯಾಲಯಕ್ಕೆ ಬಂದರು. ಯೆರವಡಾ ಕಡೆಯ ಕ್ಯಾಂಟೀನೊಂದರಲ್ಲಿ ಅವರದು ಅಡುಗೆಯ ಕೆಲಸ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಎರಡು ವರ್ಷಗಳಿಂದ ಗಾಲ್ಫ್ ಕಲಿಯುತ್ತಿರುವ ಈ ಹುಡುಗಿ ಮುಂದೆ ಆಟದ ಬಲದಿಂದಲೇ ಅಮೆರಿಕೆಯ ವಿಶ್ವವಿದ್ಯಾನಿಲಯದಲ್ಲಿ ಓದಬಹುದೆಂದು ಕಲಿಸುವವರು ಹೇಳಿದರಂತೆ. “ರಾಯರೇ, ಇದು ನಿಜವೋ, ಮರುಳುಮಾಡುವ ಮಾತೋ? ಹೆಂಗಸರಿಗೂ ಈ ಆಟದಲ್ಲಿ ವಿದ್ಯಾರ್ಥಿವೇತನ ಉಂಟೆ?” ಎಂದು ಅವರು ಕೇಳಿದರು. ಗಾಲ್ಫ್ ಎಂದರೆ ಸಾಹೇಬರ ಆಟವೆಂದೇ ತಿಳಿದಿದ್ದ ನಾವು ಉತ್ತರಕ್ಕೆ ನಾಲ್ಕು ದಿನದ ವಾಯಿದೆ ಕೇಳಬೇಕಾಯಿತು.

ವಿಚಾರಿಸಿದಾಗ ತಿಳಿದುದಿಷ್ಟು. ಅಮೆರಿಕೆಯ ಕಾಲೇಜುಗಳ ಪುರುಷರು ೧೮೯೭ರಿಂದಲೇ ತಮ್ಮೊಳಗೆ ಗಾಲ್ಫ್ ಪಂದ್ಯಗಳನ್ನು ನಡೆಸುತ್ತ ಬಂದಿದ್ದಾರೆ. ಹೆಣ್ಣುಮಕ್ಕಳಿಗೆ ಅಂತಹ ರಾಷ್ಟ್ರೀಯ ಪಂದ್ಯ ದೊರೆತುದು ೧೯೪೧ರಲ್ಲಿ, ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಮೈದಾನದಲ್ಲಿ. ನಲವತ್ತನಾಲ್ಕು ವರ್ಷ ಕಾಯಬೇಕಾಯಿತೆಂದಾಯಿತು! ೧೯೭೨ರಲ್ಲಿ ಅಲ್ಲಿನ ಸರ್ಕಾರವು, ತನ್ನಿಂದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು ಶಾಸನ ಮಾಡಿದ ಮೇಲೆ ಲೆಕ್ಕ ತಿರುಗಿತು. ಅಲ್ಲಿನ ಫುಟ್‌ಬಾಲ್ ತಂಡಗಳೇ ಗಂಡುಮಕ್ಕಳ ವೇತನಗಳ ದೊಡ್ಡ ಪಾಲನ್ನು ನುಂಗುವುದರಿಂದ, ತಕ್ಕಡಿಯನ್ನು ಸರಿದೂಗಿಸಲು ಬೇರೆ ಆಟಗಳಲ್ಲಿ ಹೆಣ್ಣುಮಕ್ಕಳಿಗೆ ಹೆಚ್ಚು ಸ್ಥಾನಗಳು ಬಂದವು. ಪ್ರಥಮ ದರ್ಜೆಯ ತಂಡಗಳಲ್ಲಿ ೨೦೨೫ರ ವರೆಗೆ ಪುರುಷರ ಗಾಲ್ಫಿಗೆ ನಾಲ್ಕೂವರೆ, ಮಹಿಳೆಯರ ಗಾಲ್ಫಿಗೆ ಆರು ಪೂರ್ಣ ವೇತನಗಳ ಮಿತಿಯಿತ್ತು. ಆ ವರ್ಷ ನ್ಯಾಯಾಲಯದಲ್ಲಿ ಆದ ಒಪ್ಪಂದಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ಈಗ ವೇತನಗಳ ಮಿತಿ ಹೋಗಿ, ತಂಡಕ್ಕೆ ಒಂಬತ್ತೇ ಮಂದಿ ಎಂಬ ಮಿತಿ ಬಂದಿದೆ.

‘ಅರ್ಧ ವೇತನ’ವೆಂದರೇನೆಂದು ಮಿತ್ರರು ಹುಬ್ಬೇರಿಸಿದರು. ಒಂದು ವೇತನವನ್ನು ಇಬ್ಬರು ಮೂವರಿಗೆ ಹಂಚಿ ಕೊಡುವುದುಂಟು. ಆದುದರಿಂದ ವೇತನ ಸಿಕ್ಕಿತೆಂದ ಮಾತ್ರಕ್ಕೆ ಖರ್ಚೆಲ್ಲ ತೀರಿತೆಂದು ಭಾವಿಸಲಾಗದು. ಯೇಲ್, ಪ್ರಿನ್ಸ್‌ಟನ್ ಮೊದಲಾದ ಕೆಲವು ಹಳೆಯ ವಿಶ್ವವಿದ್ಯಾನಿಲಯಗಳು ಆಟಕ್ಕಾಗಿ ವೇತನವನ್ನೇ ಕೊಡುವುದಿಲ್ಲ. ಒಬ್ಬೊಬ್ಬರೇ ಆಡುವ ಆಟದಲ್ಲಿ ತಂಡವೆಲ್ಲಿಂದ ಬಂತೆಂಬ ಪ್ರಶ್ನೆಯೂ ಎದ್ದಿತು. ಸಾಮಾನ್ಯವಾಗಿ ಐವರು ಆಡುತ್ತಾರೆ. ಕಡಿಮೆ ಹೊಡೆತಗಳಲ್ಲಿ ಮುಗಿಸಿದ ನಾಲ್ವರ ಲೆಕ್ಕವನ್ನಷ್ಟೇ ಕೂಡಿಸುತ್ತಾರೆ. ಒಬ್ಬರಿಗೆ ಕೈ ಕೊಟ್ಟ ದಿನ ಉಳಿದವರು ಕಾಯುವುದು ನಮ್ಮ ಅಡುಗೆಮನೆಗೆ ಹೊಸತೇನಲ್ಲ.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ ಅದಿತಿ ಅಶೋಕರ ಕಥೆಯನ್ನು ಹೋಟೆಲಿನವರು ಅವಶ್ಯ ತಿಳಿದಿರಬೇಕು. ಆಕೆಯ ತಂದೆತಾಯಿಗಳು ಮಗುವಿನೊಡನೆ ಬೆಳಗಿನ ಉಪಾಹಾರಕ್ಕೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಾಣುತ್ತಿತ್ತು. ಐದು ವರ್ಷದ ಹುಡುಗಿ ತಿಂಡಿ ತಿನ್ನುತ್ತ ಆಟ ನೋಡಿದಳು. ಒಂದು ದಿನ ಮೂವರೂ ಒಳಗೆ ಹೋದರು. ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಹದಿನೆಂಟರ ಆಕೆಯ ಚೀಲ ಹೊತ್ತವರು ತಂದೆ. ೨೦೨೧ರಲ್ಲಿ ಟೋಕಿಯೋದಲ್ಲಿ ಹೊತ್ತವರು ತಾಯಿ. ಅಲ್ಲಿ ಆಕೆ ನಾಲ್ಕನೆಯವರಾದರು. ಪದಕದವರಿಗೂ ಆಕೆಗೂ ಒಂದೇ ಹೊಡೆತದ ಅಂತರ. ೨೦೨೩ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ತಂದರು. ಆ ಭಾರತ ತಂಡದ ಇನ್ನಿಬ್ಬರು ಮೈಸೂರಿನ ಪ್ರಣವಿ ಅರಸ್ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್. ಮೂವರೂ ನಮ್ಮ ನಾಡಿನವರೇ! ಹುಡುಗರಲ್ಲಿ, ಬಿಡದಿಯ ಈಗಲ್‌ಟನ್ ಮೈದಾನದಲ್ಲಿ ಬಡತನದಿಂದಲೇ ಮೇಲೆ ಬಂದ ಚಿಕ್ಕರಂಗಪ್ಪನವರಿದ್ದಾರೆ. ಪುಣೆಗೂ ಪಾಲಿಲ್ಲದಿಲ್ಲ: ಅನಿರ್ಬನ್ ಲಾಹಿರಿಯವರು ೧೯೮೭ರಲ್ಲಿ ಹುಟ್ಟಿದುದು ಈ ಊರಿನಲ್ಲಿಯೇ.

ಹಾಗೆಂದು ಮಿತ್ರರಿಗೆ ನಾವು ಆಕಾಶ ತೋರಿಸಲಿಲ್ಲ. ಅದಿತಿಯವರು ಕಾಲೇಜಿನ ದಾರಿ ಹಿಡಿಯದೆ ಹದಿನೇಳರಲ್ಲಿಯೇ ವೃತ್ತಿಗೆ ಇಳಿದವರು. ಹಾಗೆ ಹಣಕ್ಕಾಗಿ ಆಡಲಾರಂಭಿಸಿದವರಿಗೆ ಕಾಲೇಜು ತಂಡದ ಬಾಗಿಲು ಸಾಮಾನ್ಯವಾಗಿ ತೆರೆಯದು. ಕೋಲುಗಳ ಬೆಲೆ, ಮೈದಾನದ ಶುಲ್ಕ, ಪಂದ್ಯಗಳಿಗೆ ಊರೂರು ತಿರುಗುವ ಖರ್ಚು ಅಡುಗೆಯವರ ಸಂಬಳಕ್ಕೆ ಭಾರವೇ ಸರಿ. ಆದುದರಿಂದ ಹುಡುಗಿ ಆಡಿದ ಪ್ರತಿಯೊಂದು ಪಂದ್ಯದ ಅಂಕಿಯನ್ನು ಬರೆದಿಡಿರಿ, ಇಂಗ್ಲಿಷ್ ಮತ್ತು ಗಣಿತವನ್ನು ಬಿಡಗೊಡಬೇಡಿರಿ, ವೇತನ ಕೊಡಿಸುವೆನೆಂದು ಮುಂಗಡ ಕೇಳುವವನನ್ನು ಹೊಸ್ತಿಲು ದಾಟಿಸಬೇಡಿರಿ ಎಂದಷ್ಟೇ ಹೇಳಿದೆವು.

ಇಷ್ಟಕ್ಕೆ ನಿಲ್ಲಿಸುತ್ತಿದ್ದೆವೇನೋ. ಆದರೆ ಹಿಂದೆ ನಮ್ಮ ಹೋಟೆಲಿನ ಮಾಣಿಯೊಬ್ಬ ಓಟದಲ್ಲಿ ಬಲು ಚುರುಕಾಗಿದ್ದ. ಅಭ್ಯಾಸಕ್ಕೆಂದು ಬೆಳಗಿನ ಒಂದು ತಾಸು ಬಿಡುವು ಕೇಳಿದಾಗ, ಇಡ್ಲಿಯ ವೇಳೆಗೆ ಜನವಿಲ್ಲವೆಂದು ಗದರಿದವರು ನಾವೇ. ಮೂರನೆಯ ಸಲ ಅವನು ಕೇಳಲಿಲ್ಲ. ಇದನ್ನು ಹೇಳಿದಾಗ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಬೆಳಗಿನ ಪಾಳಿಯನ್ನು ಸಂಜೆಗೆ ಬದಲಿಸಿಕೊಡಬೇಕೆಂದು ತಮ್ಮ ಮಾಲಿಕರಿಗೆ ಒಂದು ಅರ್ಜಿ ಬರೆದುಕೊಡಲು ಕೇಳಿದರು. ಬರೆದುಕೊಟ್ಟೆವು.

ಈ ಭಾನುವಾರ ಹುಡುಗಿಯ ಆಟ ನೋಡಲು ನಾವೂ ಹೋಗುವವರಿದ್ದೇವೆ. ಆರು ಗಂಟೆಗೆ ಮೊದಲೇ ಅಲ್ಲಿರಬೇಕಂತೆ.