ಶೊಡಾನ್‌ಳ ಮೂರನೇ ಆಟ ಏಕೆ ಬರಲಿಲ್ಲ?

1994ರ ‘ಸಿಸ್ಟಮ್ ಶಾಕ್’ ಆಟದಲ್ಲಿ ಶೊಡಾನ್ ಎಂಬ ಕೃತಕ ಬುದ್ಧಿ ಇಡೀ ಬಾಹ್ಯಾಕಾಶ ನಿಲ್ದಾಣವನ್ನೇ ವಶ ಮಾಡಿಕೊಳ್ಳುತ್ತದೆ. 1999ರಲ್ಲಿ ಎರಡನೇ ಭಾಗ ಬಂತು. 2015ರಲ್ಲಿ ಘೋಷಣೆಯಾದ ಮೂರನೆಯದು ಇನ್ನೂ ಬಂದಿಲ್ಲ. ಅದನ್ನು ಮುಳುಗಿಸಿದ ಸಾಲದ ಸುಳಿಯಲ್ಲೇ ಬೆಂಗಳೂರಿನ ಒಂದು ಸ್ಟುಡಿಯೋ ಕೂಡ ಸಿಕ್ಕಿತ್ತು.

ಆ ಸ್ಟುಡಿಯೋ ಧ್ರುವ ಇಂಟರಾಕ್ಟಿವ್. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಈ ಸಂಸ್ಥೆ ಭಾರತದ ಗೇಮಿಂಗ್ ಉದ್ಯಮಕ್ಕೆ ಅಡಿಪಾಯ ಹಾಕಿತು. ‘ಫೋರ್ಜಾ ಹೊರೈಜನ್’, ‘ಸೀ ಆಫ್ ಥೀವ್ಸ್’ನಂಥ ದೊಡ್ಡ ಆಟಗಳ ಚಿತ್ರಕೆಲಸಕ್ಕೆ ಇಲ್ಲಿನ ಕಲಾವಿದರು ಕೈಜೋಡಿಸಿದ್ದಾರೆ.

ಆ ಕೆಲಸ ಎಂಥದ್ದು? ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬ್ಯಾರನ್ ಒಂದನ್ನು ಆಟದೊಳಗೆ ಕಟ್ಟಬೇಕು ಎಂದಿಟ್ಟುಕೊಳ್ಳಿ. ಗೋಡೆಯ ಬಿರುಕು, ಹಂಚಿನ ಅಂಚು, ಒಲೆಬಾಯಿಯ ಮಸಿ ಎಲ್ಲವನ್ನೂ ಕಲಾವಿದ ಮೊದಲು ಲಕ್ಷಾಂತರ ಪುಟ್ಟ ತ್ರಿಕೋನಗಳಲ್ಲಿ ಕಡೆಯುತ್ತಾನೆ. ಅಷ್ಟನ್ನೂ ಓಡಿಸಲು ಯಂತ್ರಕ್ಕೆ ಕಷ್ಟ. ಹಾಗಾಗಿ ಕೆಲವೇ ಸಾವಿರ ತ್ರಿಕೋನಗಳ ಸರಳ ರೂಪವೊಂದನ್ನು ಮಾಡಿ, ಅದರ ಮೇಲೆ ‘ನಾರ್ಮಲ್ ಮ್ಯಾಪ್’ ಎಂಬ ಚಿತ್ರವನ್ನು ಹೊದಿಸುತ್ತಾರೆ. ಮೇಲ್ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಈ ಚಿತ್ರದ ಬಣ್ಣಗಳಲ್ಲಿ ಅಡಗಿರುತ್ತದೆ. ಬೆಳಕು ಬಿದ್ದೊಡನೆ ಚಪ್ಪಟೆ ಗೋಡೆಯಲ್ಲಿ ಬಿರುಕು ಮೂಡುತ್ತದೆ. ಎಷ್ಟು ಸೊಗಸಾದ ಕಣ್ಕಟ್ಟು!

ಆ ಬೆಳಕಿನ ಲೆಕ್ಕ ಹಾಕುವುದು ಗೇಮ್ ಎಂಜಿನ್. ಚಲನೆ, ಡಿಕ್ಕಿ, ಸದ್ದು ಎಲ್ಲವೂ ಅದರ ಪಾಲಿನ ಕೆಲಸವೇ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು 17 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ. ಎಂಜಿನ್ ಕೈಕೊಟ್ಟರೆ ನೂರಾರು ಜನರ ದುಡಿಮೆ ಅಲ್ಲೇ ನಿಲ್ಲುತ್ತದೆ.

ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಗೆ ಆದದ್ದು ಅದೇ. ಅದು 2015ರಲ್ಲಿ ‘ವಲ್ಹಲ್ಲಾ’ ಎಂಬ ಎಂಜಿನ್ ಕೊಂಡು, ‘ದಿ ವಾಕಿಂಗ್ ಡೆಡ್’ ಆಟವನ್ನು ಅದರಲ್ಲಿ ಕಟ್ಟತೊಡಗಿತು. ಕೆಲಸ ಸಾಗದೆ, ನಡುದಾರಿಯಲ್ಲಿ ‘ಅನ್‌ರಿಯಲ್’ ಎಂಜಿನ್ನಿಗೆ ಬದಲಾಯಿಸಿಕೊಂಡಿತು. ಇದರ ನಡುವೆಯೇ ಧ್ರುವದ ಬಹುಪಾಲು ಷೇರು ಕೊಂಡಿತು. 2017ರಲ್ಲಿ ‘ಸಿಸ್ಟಮ್ ಶಾಕ್ 3’ಕ್ಕೆ 1.2 ಕೋಟಿ ಡಾಲರ್ ಹೂಡಲು ಒಪ್ಪಿತು. ಹಾಸಿಗೆ ಇದ್ದಷ್ಟು ಕಾಲು ಚಾಚಲಿಲ್ಲ ಎಂಬುದೇ ನನ್ನ ತೀರ್ಮಾನ.

2018ರ ನವೆಂಬರಿನಲ್ಲಿ ಬಿಡುಗಡೆಯಾದ ‘ವಾಕಿಂಗ್ ಡೆಡ್’ ನೆಲಕಚ್ಚಿತು. ಡಿಸೆಂಬರಿಗೆ ಕಂಪನಿ ನ್ಯಾಯಾಲಯದ ರಕ್ಷಣೆ ಕೋರಿತು. 2019ರಲ್ಲಿ ‘ಸಿಸ್ಟಮ್ ಶಾಕ್ 3’ರ ಪ್ರಕಟಣೆಯ ಹಕ್ಕನ್ನು ಅದರ ನಿರ್ಮಾಪಕರಾದ ಅಮೆರಿಕದ ಅದರ್‌ಸೈಡ್‌ಗೇ ಮರಳಿಸಿತು. ಹಣದ ಆಸರೆ ತಪ್ಪಿದ ಅದರ್‌ಸೈಡ್‌ನ ತಂಡ ಚದುರಿತು. 2020ರ ಮೇ ತಿಂಗಳಲ್ಲಿ ಆಟದ ಹೊಣೆ ಚೀನಾದ ಟೆನ್ಸೆಂಟ್ ಪಾಲಾಯಿತು.

ಧ್ರುವವೂ ಮಾರಾಟವಾಯಿತು. 2019ರ ಮೇನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಖ್ಯಾತಿಯ ರಾಕ್‌ಸ್ಟಾರ್ ಕಂಪನಿ 79 ಲಕ್ಷ ಡಾಲರಿಗೆ ಅದನ್ನು ಕೊಳ್ಳಲು ಮುಂದಾಯಿತು. ಬೆಂಗಳೂರಿನ ಕಲಾವಿದರ ಕೌಶಲ ಯಾವುದೋ ಒಂದು ಎಂಜಿನ್ನಿಗೆ ಅಂಟಿಕೊಂಡದ್ದಲ್ಲ. ಆಟ ನಿಂತರೂ ಅವರಿಗೆ ಬೆಲೆ ಇದ್ದದ್ದು ಅದಕ್ಕೇ.

ಎಚ್.ಡಿ. ಕೋಟೆ, ಕೆ.ಆರ್. ನಗರದ ಹುಡುಗ ಹುಡುಗಿಯರೇ, ಗೇಮ್ ಮಾಡುವ ಆಸೆಯಿದ್ದರೆ ಸಾಫ್ಟ್‌ವೇರಿಗಿಂತ ಮೊದಲು ಕೈಯಲ್ಲಿ ಚಿತ್ರ ಬರೆಯುವುದನ್ನು ಕಲಿಯಿರಿ, ರೇಖಾಗಣಿತವನ್ನು ಗಟ್ಟಿ ಮಾಡಿಕೊಳ್ಳಿ. ಚಿತ್ರಕಲೆ ಕಲಿಸುವ ಸರ್ಕಾರಿ ಕಾಲೇಜು, ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಪಕ್ಕದ ಮೈಸೂರಿನಲ್ಲೇ ಇದೆ.